ಉದ್ದದ್ದು ಮೊದಲೋ, ಗಿಡ್ಡದ್ದು ಮೊದಲೋ

ಆ ಬುಧವಾರ ಮೂರನೆಯ ಪೀರಿಯಡ್ಡಿನಲ್ಲಿ ನಾನು ತರಗತಿಯಲ್ಲಿ ಏನು ಹೇಳಿದೆ ಎಂಬುದನ್ನು ನನ್ನನ್ನು ಕೇಳಬೇಡಿ. ಇಂಥದ್ದೇ ಹೇಳಿದೆ ಎಂದು ಬಲವಾದ ನೆನಪೇನೋ ಇತ್ತು. ಆದರೆ ನನ್ನ ಬಲವಾದ ನೆನಪುಗಳ ಮೇಲೆ ನನಗೇ ಈಗ ಭರವಸೆ ಉಳಿದಿಲ್ಲ. ಮಸುಕಾದ ನೆನಪು ಎಷ್ಟೋ ವಾಸಿ, ತನಗೆ ಸರಿಯಾಗಿ ಗೊತ್ತಿಲ್ಲವೆಂದು ತಾನೇ ಒಪ್ಪಿಕೊಳ್ಳುತ್ತದೆ. ಬಲವಾದ ನೆನಪು ಹಾಗಲ್ಲ. ಬಣ್ಣ, ವಾಸನೆ, ಪಕ್ಕದಲ್ಲಿ ನಿಂತವರ ಅಂಗಿಯ ಗುಂಡಿ ಸಮೇತ ಬಂದು ಸಾಕ್ಷಿ ಹೇಳುತ್ತದೆ. ಚಿಕ್ಕಂದಿನಲ್ಲಿ, ಚಿನ್ನದ ಗಣಿಯವರು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ಮೇಲಿಂದ ರಟ್ಟಿನ ಮೇಲೆ ಕೂತು ಜಾರಿ ಮೊಣಕಾಲು ತರಚಿಕೊಂಡದ್ದು ನನಗೆ ಅಷ್ಟು ಸ್ಪಷ್ಟವಾಗಿ ನೆನಪಿದೆ. ನಮ್ಮಕ್ಕ ಹೇಳುತ್ತಾಳೆ, "ಜಾರಿದ್ದು ನಾನು ಕಣೋ. ನೀನು ಕೆಳಗೆ ನಿಂತ್ಕೊಂಡು ಅಳ್ತಿದ್ದೆ." ಗಾಯದ ಗುರುತು ಯಾರ ಕಾಲಲ್ಲಿದೆ ನೋಡೋಣವೆಂದರೆ ಇಬ್ಬರ ಕಾಲಲ್ಲೂ ಇದೆ. ಸಾಕ್ಷ್ಯ ಸಮಸಮ, ವ್ಯಾಜ್ಯ ನಲವತ್ತು ವರ್ಷಗಳಿಂದ ನಡೆಯುತ್ತಲೇ ಇದೆ.

ವಿಶ್ವವಿದ್ಯಾಲಯದಲ್ಲಿ ನಾನು ನೆಟ್ಟಗೆ ಕಲಿತದ್ದು ಸಂಶಯಪಡುವುದನ್ನು ಮಾತ್ರ. ಬೇರೆಯವರ ಮಾತನ್ನು ಸಂಶಯಿಸುವ ಭಾಗ ಪೂರ್ತಿ ಮುಗಿದಿತ್ತು. ನನ್ನ ಮಾತನ್ನೇ ಸಂಶಯಿಸುವ ಭಾಗ ಬಹುಶಃ ಮುಂದಿನ ಸೆಮಿಸ್ಟರಿನಲ್ಲಿತ್ತು, ಅಷ್ಟರಲ್ಲಿ ಹೊರಗೆ ಬಂದುಬಿಟ್ಟೆ. ಹೊರಗೆ ಬರುವ ಮುಂಚೆ ಎರಡು ವರ್ಷ ಒಂದು ಪ್ರಯೋಗಾಲಯದಲ್ಲಿ ಡಿಎನ್‌ಎ ಅಣುಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಮಾಡುವ ಕೆಲಸದಲ್ಲಿದ್ದೆ. ಅಂಚೆಚೀಟಿಯಷ್ಟು ಅಗಲದ ಗಾಜಿನ ಬಿಲ್ಲೆ; ಅದರೊಳಗೆ ಕೂದಲೆಳೆಗಿಂತ ಸಪೂರವಾದ ಕಾಲುವೆ; ಕಾಲುವೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳು. ಒಂದು ತುದಿಯಲ್ಲಿ ಉದ್ದದ ಮತ್ತು ಗಿಡ್ಡ ಡಿಎನ್‌ಎ ಬೆರೆಸಿದ ನೀರಿನ ಹನಿ ಹಾಕಿ, ಎರಡೂ ಕಡೆ ವಿದ್ಯುತ್ ಕೊಟ್ಟರೆ ಅಣುಗಳು ಓಡಲು ಶುರುಮಾಡುತ್ತವೆ. ಗಿಡ್ಡವು ಕಂಬಗಳ ನಡುವೆ ಸಲೀಸಾಗಿ ನುಸುಳಿ ಹೋಗುತ್ತವೆ. ಉದ್ದವು ಬೇಲಿಗೆ ಸಿಕ್ಕಿಕೊಂಡ ಪಂಚೆಯ ಹಾಗೆ ಕಂಬಕ್ಕೆ ತಗಲಿಕೊಂಡು, ಬಿಡಿಸಿಕೊಂಡು, ಮತ್ತೆ ತಗಲಿಕೊಂಡು ತಡವಾಗಿ ಬರುತ್ತವೆ. ಹೀಗೆ ಬೇರೆಯಾಗುತ್ತವೆ. ಪುಸ್ತಕದಲ್ಲಿ ಇಷ್ಟೇ ಇರುವುದು. ಕಾಲುವೆಯೊಳಗೆ ಗಾಳಿಗುಳ್ಳೆ ಸೇರಿಕೊಂಡರೆ ಏನೂ ಓಡುವುದಿಲ್ಲ ಎಂಬುದು ಪುಸ್ತಕದಲ್ಲಿಲ್ಲ. ನಾನು ಎರಡು ವರ್ಷ ಮುಖ್ಯವಾಗಿ ಗುಳ್ಳೆ ತೆಗೆದೆ.

ನನ್ನ ಹೆಂಡತಿ ವಸಂತಿಯ ತಂದೆ ನಂದಿದುರ್ಗ ಗಣಿಯ ಮಿಲ್ಲಿನಲ್ಲಿದ್ದವರು. ಅರೆದ ಕಲ್ಲಿನ ಪುಡಿಯನ್ನು ನೀರಿನ ಜೊತೆ ಓರೆಯಾದ, ಅಲುಗಾಡುವ ಮೇಜಿನ ಮೇಲೆ ಹರಿಸಿ, ಭಾರವಾದ ಚಿನ್ನ ಒಂದು ಕಡೆ, ಹಗುರವಾದ ಮರಳು ಒಂದು ಕಡೆ ಆಗುವಂತೆ ನೋಡಿಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ನನ್ನ ಸಂಶೋಧನೆಯನ್ನು ಬಲು ಉತ್ಸಾಹದಿಂದ ವಿವರಿಸಿದಾಗ ವಸಂತಿ ಕೇಳಿದ್ದು ಇಷ್ಟೇ: "ನಮ್ಮಪ್ಪ ಮಾಡ್ತಿದ್ದ ಕೆಲ್ಸಾನೇ ಅಲ್ವಾ? ಅವರಿಗೆ ಚಿನ್ನ ಸಿಗ್ತಿತ್ತು. ನಿಮಗೇನು ಸಿಕ್ತು?"

"ಗುಳ್ಳೆ" ಎಂದೆ. ನಾನು ಹೆಂಡತಿಯ ಹತ್ತಿರ ಸುಳ್ಳು ಹೇಳುವುದಿಲ್ಲ.

ಈಗ ನಾನು ರಾಬರ್ಟ್‌ಸನ್‌ಪೇಟೆಯಲ್ಲಿದ್ದುಕೊಂಡು ದಿನವೂ ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗಿ ಅಲ್ಲೊಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕೊನೆಯ ವರ್ಷದವರಿಗೆ ಜೀವಭೌತಶಾಸ್ತ್ರ ಎಂಬ ಐಚ್ಛಿಕ ಪತ್ರಿಕೆಯೊಂದಿದೆ, ಇಪ್ಪತ್ತನಾಲ್ಕು ಜನ ಆರಿಸಿಕೊಂಡಿದ್ದಾರೆ. ಅದರಲ್ಲಿ ನನ್ನ ಹಳೆಯ ಬಿಲ್ಲೆಯ ವಿಷಯ ಒಂದು ಅಧ್ಯಾಯವಾಗಿ ಬರುತ್ತದೆ. ಆ ಅಧ್ಯಾಯ ಬಂದರೆ ನನಗೆ ಹಬ್ಬ. ಕಂಬಗಳ ಕಾಲುವೆ ಮಾತ್ರವಲ್ಲ, ಇನ್ನೊಂದು ಬಗೆಯ ಕಾಲುವೆಯೂ ಅದರಲ್ಲಿದೆ. ಅದರಲ್ಲಿ ಕಂಬವಿಲ್ಲ, ಒಂದು ಆಳದ ಗುಂಡಿ, ಆಮೇಲೆ ಒಂದು ಇಕ್ಕಟ್ಟಾದ ಸಂದು, ಮತ್ತೆ ಗುಂಡಿ, ಮತ್ತೆ ಸಂದು, ಹೀಗೆ ಸಾಲಾಗಿರುತ್ತವೆ. ಅಣುಗಳು ಗುಂಡಿಯಲ್ಲಿ ಆರಾಮವಾಗಿ ಮುದುಡಿ ಕೂರುತ್ತವೆ, ಸಂದಿನಲ್ಲಿ ಮೈ ಹಿಂಡಿಕೊಂಡು ತೂರಬೇಕಾಗುತ್ತದೆ. ಈ ಕಾಲುವೆಯನ್ನು ನಾನು ಕೈಯಲ್ಲಿ ಮುಟ್ಟಿದವನಲ್ಲ, ಓದಿ ಪಾಠ ಮಾಡಿದ್ದು.

ಆ ಬುಧವಾರ ಈ ಪಾಠ ಮುಗಿಸಿ, ಆಮೇಲಿನ ಕಿರುಪರೀಕ್ಷೆಯಲ್ಲಿ ಐದು ಅಂಕಕ್ಕೆ ಇದನ್ನೇ ಕೇಳಿದೆ. ಗುಂಡಿ ಮತ್ತು ಸಂದುಗಳ ಕಾಲುವೆಯಲ್ಲಿ ಉದ್ದದ ಡಿಎನ್‌ಎ, ಗಿಡ್ಡ ಡಿಎನ್‌ಎ ಒಟ್ಟಿಗೆ ಹೊರಟರೆ ಯಾವುದು ಮೊದಲು ತಲುಪುತ್ತದೆ, ಕಾರಣ ಕೊಡಿ. ಇಪ್ಪತ್ತಮೂರು ಜನ ಗಿಡ್ಡದ್ದು ಎಂದು ಬರೆದಿದ್ದರು. ಕಾರಣ ಕೊಟ್ಟಿದ್ದರು, ಜರಡಿಯ ಉದಾಹರಣೆ ಕೊಟ್ಟಿದ್ದರು. ಸಣ್ಣ ಕಾಳು ಮೊದಲು ಬೀಳುತ್ತದೆ, ದಪ್ಪ ಕಾಳು ಮೇಲೆಯೇ ಉಳಿಯುತ್ತದೆ. ಭೇಷ್ ಎಂದು ಎಲ್ಲರಿಗೂ ಐದೈದು ಹಾಕಿದೆ. ಇಪ್ಪತ್ತನಾಲ್ಕನೆಯವಳು ಬೂದಿಕೋಟೆಯ ಶಶಿಕಲಾ. ಅವಳೊಬ್ಬಳೇ ಉದ್ದದ್ದು ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಹಾಕಿ ಪಕ್ಕದಲ್ಲಿ "ಯೋಚಿಸಿ ಬರೆಯಿರಿ" ಎಂದು ಷರಾ ಬರೆದೆ.

ಸೊನ್ನೆ ಬರೀ ಸೊನ್ನೆಯಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದವರು ಬೇಸಿಗೆ ರಜೆಯಲ್ಲಿ ನಮ್ಮ ಕಾಲೇಜಿನಿಂದ ಒಬ್ಬರನ್ನು, ಒಬ್ಬರನ್ನು ಮಾತ್ರ, ಎರಡು ತಿಂಗಳ ತರಬೇತಿಗೆ ಕರೆಸಿಕೊಳ್ಳುತ್ತಾರೆ. ಇಂಥ ಬಿಲ್ಲೆಗಳನ್ನೇ ಮಾಡುವ ಜಾಗ. ಈ ಪತ್ರಿಕೆಯ ಕಿರುಪರೀಕ್ಷೆಯಲ್ಲಿ ಯಾರು ಮೊದಲೋ ಅವರ ಹೆಸರನ್ನು ಶನಿವಾರದೊಳಗೆ ಕಳಿಸಬೇಕು. ನಲವತ್ತಕ್ಕೆ ಹರೀಶನೆಂಬ ಹುಡುಗನಿಗೆ ಮೂವತ್ತಾರು ಬಂದಿತ್ತು, ಶಶಿಕಲಾಗೆ ಮೂವತ್ತನಾಲ್ಕು. ನನ್ನ ಸೊನ್ನೆಯಿಂದಾಗಿ ಅವಳ ಬೇಸಿಗೆ ಬೂದಿಕೋಟೆಯಲ್ಲೇ ಹಸು ಮೇಯಿಸುತ್ತ ಕಳೆಯುವುದರಲ್ಲಿತ್ತು.

ಉತ್ತರಪತ್ರಿಕೆ ಹಂಚಿದ ಮರುದಿನ, ಗುರುವಾರ ಬೆಳಿಗ್ಗೆ, ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಮೃದುವಾಗಿ ಮಾತಾಡುವ ಹುಡುಗಿ, ಆದರೆ ಹೇಳಬೇಕಾದ್ದನ್ನು ಹೇಳದೆ ಹೋಗುವವಳಲ್ಲ.

"ಸಾರ್, ಆ ಐದು ಮಾರ್ಕ್ಸು."

"ತಪ್ಪು ಬರೆದಿದ್ದೀರಲ್ಲಮ್ಮ."

"ನೀವೇ ಹೇಳಿದ್ದು ಸಾರ್, ಕ್ಲಾಸಲ್ಲಿ. ಕಂಬ ಇದ್ರೆ ಗಿಡ್ಡದ್ದು, ಸಂದು ಇದ್ರೆ ಉದ್ದದ್ದು ಅಂತ."

"ನಾನು ಹಾಗೆ ಹೇಳಿರೋದಕ್ಕೆ ಸಾಧ್ಯವೇ ಇಲ್ಲ" ಎಂದೆ. ನೆನಪು ಬಂದು ಸಾಕ್ಷಿ ಹೇಳಿತು: ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ನನ್ನ ಕೈಯಲ್ಲಿ ಹಳದಿ ಸೀಮೆಸುಣ್ಣವಿತ್ತು, "ಗಿಡ್ಡದ್ದೇ ಮೊದಲು" ಎಂದು ಮೇಜು ಕುಟ್ಟಿ ಹೇಳಿದೆ. ಶಶಿಕಲಾ ತನ್ನ ನೋಟ್ಸ್ ತೆಗೆದು ತೋರಿಸಿದಳು. ಉದ್ದದ್ದು ಮೊದಲು ಎಂದು ದುಂಡಗೆ ಬರೆದಿತ್ತು. ಪರೀಕ್ಷೆಯಾದ ಮೇಲೆ ಬರೆದುಕೊಂಡಿರಬಹುದಲ್ಲ ಎಂದು ನನ್ನ ವಿಶ್ವವಿದ್ಯಾಲಯದ ಬುದ್ಧಿ ಪಿಸುಗುಟ್ಟಿತು. ನಾನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಪುಟದ ಶಾಯಿಯನ್ನು ಕೊಂಚ ಹತ್ತಿರದಿಂದ ನೋಡಿದೆ. ಅವಳು ಅದನ್ನು ಗಮನಿಸಿ, ನೋಟ್ಸ್ ಮಡಚಿಕೊಂಡು, "ಆಗ್ಲಿ ಸಾರ್" ಎಂದು ಹೋದಳು. ಆ "ಆಗ್ಲಿ ಸಾರ್" ಎಂಬುದು ಮಧ್ಯಾಹ್ನದ ಊಟದವರೆಗೂ ನನ್ನ ಕಿವಿಯಲ್ಲೇ ಇತ್ತು.

ಊಟವಾದ ಮೇಲೆ ಅವಳ ತಾಯಿ ನಾರಾಯಣಮ್ಮ ಬಂದರು. ಒಬ್ಬರೇ ಬಂದಿರಲಿಲ್ಲ. ಯಾರದೋ ಮದುವೆಯ ಜವಳಿಗೆಂದು ಮನೆಮಂದಿಯೆಲ್ಲ ರಾಬರ್ಟ್‌ಸನ್‌ಪೇಟೆಗೆ ಹೊರಟಿದ್ದರು. ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿದು ಈ ಐದು ಅಂಕದ ವಿಷಯವನ್ನೂ ಮುಗಿಸಿಕೊಂಡು ಹೋಗೋಣವೆಂದು ಬಂದಿದ್ದರು. ಹಿಂದೆ ಕಾರಿಡಾರಿನ ತುಂಬ ನೆಂಟರು. ನಾರಾಯಣಮ್ಮ ಮಾತ್ರ ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ನಿಂತೇ ಶುರುಮಾಡಿದರು.

"ಸಾ, ನಾವು ಡೈರಿಗೆ ಆಲು ಆಕೋರು. ಆ ಕೊಳವೆ ಮುಳುಗಿಸಿ ನೋಡಿ, ಡಿಗ್ರಿ ಕಮ್ಮಿ ಐತೆ ಅಂತಾರೆ. ಅಂಗಂದ್ರೆ ನಾವೇನು ಕ್ಯಾನ್ ಎತ್ಕೊಂಡು ಮನೆಗೆ ಓಗ್ತೀವಾ? ಚೆನ್ನಾಗಿ ಕಲಕಿ ಮತ್ತೊಂದ್ ದಪ ಆಕಪ್ಪಾ ಅಂತೀವಿ. ಎರಡ್ನೇ ದಪಕ್ಕೆ ಸರಿಯಾಗೇ ಬತ್ತದೆ. ನೀವೂ ಒಂದ್ ದಪ ಕಲಕಿ ನೋಡಿ ಸಾ."

"ಇದು ಹಾಲಲ್ಲಮ್ಮ, ವಿಜ್ಞಾನ" ಎಂದೆ. ಹೇಳಿದ ತಕ್ಷಣ ನನಗೇ ಅಸಹ್ಯವಾಯಿತು. ಸಾವರಿಸಿಕೊಂಡು, ಪಾಪ ತಿಳಿಸಿ ಹೇಳೋಣವೆಂದು ಜರಡಿಯ ಉದಾಹರಣೆ ಕೊಟ್ಟೆ. ರಾಗಿ ಜರಡಿ ಹಿಡಿಯುವಾಗ ಸಣ್ಣದು ತಾನೇ ಮೊದಲು ಬೀಳೋದು?

"ಅದು ಕಾಳು" ಎಂದರು ನಾರಾಯಣಮ್ಮ. "ನಮ್ ಮಗು ಏನೋ ದಾರದಂಗಿರ್ತದೆ ಅಂದ್ಲು. ದಾರನಾ ಯಾರ್ ಸಾ ಜರಡಿ ಇಡೀತಾರೆ?"

ಸ್ಟಾಫ್ ರೂಮಿನಲ್ಲಿ ಯಾರೋ ಕೆಮ್ಮಿದರು. ನಗು ಮುಚ್ಚಿಕೊಳ್ಳಲು ಕೆಮ್ಮುವವರನ್ನು ನಾನು ಚೆನ್ನಾಗಿ ಬಲ್ಲೆ. "ನೋಡ್ತೀನಮ್ಮ" ಎಂದೆ. ಈ ದೇಶದಲ್ಲಿ ಆ ಮಾತಿಗೆ ಏನರ್ಥವೆಂದು ನಾರಾಯಣಮ್ಮನಿಗೆ ಗೊತ್ತಿತ್ತು. "ನೋಡ್ತೀರಿ, ನೋಡ್ತೀರಿ" ಎಂದುಕೊಂಡೇ ಹೊರಟರು.

ಸಂಜೆ ಬಂಗಾರಪೇಟೆಯ ಬಸ್ ನಿಲ್ದಾಣಕ್ಕೆ ಬಂದರೆ ಅವರೆಲ್ಲ ಅಲ್ಲೇ ಇದ್ದರು. ಶಶಿಕಲಾಳೂ ಜೊತೆಗಿದ್ದಳು. ಹಿಂದಿನ ಬಸ್ಸು ಕೆಟ್ಟಿತ್ತಂತೆ, ಜನ ಎರಡು ಬಸ್ಸಿಗಾಗುವಷ್ಟು ಸೇರಿದ್ದರು. ನಾನು ತಲೆತಗ್ಗಿಸಿ ಕಂಬದ ಮರೆಗೆ ನಿಂತು ಲೆಕ್ಕಹಾಕಿದೆ. ನಾನೊಬ್ಬ, ಸಣಕಲು, ಕೈಯಲ್ಲಿ ಒಂದು ಚೀಲ. ಅವರು ಹನ್ನೊಂದು ಜನ, ಅದರಲ್ಲಿ ಇಬ್ಬರು ಅಜ್ಜಿಯರು, ಒಂದು ಕೈಗೂಸು. ಬಸ್ಸು ಬಂದರೆ ನಾನು ಒಳಗೆ, ಅವರು ಇಲ್ಲೇ. ಇದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ನಾನು ಸಂಶಯಪಡದ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಬಸ್ಸು ಬಂತು. ನಾನು ಬಾಗಿಲಿಗೆ ಗುರಿಯಿಟ್ಟು ನುಗ್ಗಿದೆ. ಬಸ್ಸು ಗುರಿಯಿಂದ ಎರಡು ಮಾರು ಮುಂದೆ ಹೋಗಿ ನಿಂತಿತು. ತಿರುಗಿ ನುಗ್ಗಿದೆ. ಒಂದು ಮೊಣಕೈ ನನ್ನನ್ನು ಎಡಕ್ಕೆ ಕಳಿಸಿತು, ಒಂದು ಅಕ್ಕಿಮೂಟೆ ಬಲಕ್ಕೆ. ಮತ್ತೆ ಬಾಗಿಲ ಮುಂದೆ ಬರುವಷ್ಟರಲ್ಲಿ ಎರಡು ಸಲ ಸುತ್ತು ತಿರುಗಿದ್ದೆ, ಮುಖ ನಿಲ್ದಾಣದ ಕಡೆಗಿತ್ತು. ಅತ್ತ ಅವರು ಅವಸರವನ್ನೇ ಮಾಡಿರಲಿಲ್ಲ. ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು ನಿಲ್ದಾಣದ ಉದ್ದಕ್ಕೆ ಹಗ್ಗ ಹಾಸಿದ ಹಾಗೆ ನಿಂತಿದ್ದರು. ಮುಂದಾಳು ಇಲ್ಲ, ಹಿಂದಾಳು ಇಲ್ಲ. ಬಾಗಿಲು ಬಂದು ನಿಂತದ್ದು ಸಾಲಿನ ನಡುವೆ ಇದ್ದ ಒಬ್ಬ ಅಜ್ಜಿಯ ಎದುರಿಗೆ. ಅಜ್ಜಿ ಕಂಬಿ ಹಿಡಿದದ್ದೇ ತಡ, "ಪಟ್ಟುಕೋಂಡ್ರಾ, ಇಡ್ಕಳ್ರಲಾ! ಬನ್ರಲಾ!" ಎಂದು ಕೂಗಿ ಮೆಟ್ಟಿಲೇರಿತು. ಅಜ್ಜಿಯ ಎರಡೂ ಬದಿಯ ಕೈಗಳು ಅಜ್ಜಿಯ ಹಿಂದೆಯೇ ಮಡಚಿಕೊಂಡು ಒಳಗೆ ಹೋದವು. ಆ ಕೈಗಳ ಹಿಂದೆ ಇನ್ನೆರಡು. ಆಮೇಲೆ ಇಡೀ ಬೂದಿಕೋಟೆಯೇ ಸೂಜಿಗೆ ದಾರ ಪೋಣಿಸಿದ ಹಾಗೆ ಸರಸರನೆ ಬಾಗಿಲೊಳಗೆ ಹರಿದುಹೋಯಿತು. ಒಬ್ಬಂಟಿಗಳಾದ ನಾವೆಲ್ಲ ಹೊರಗೆ ಒಬ್ಬರನ್ನೊಬ್ಬರು ತಳ್ಳಿಕೊಂಡು ನಿಂತಿದ್ದೆವು.

ಸಾಲಿನ ಕೊನೆಯಲ್ಲಿದ್ದವರು ನಾರಾಯಣಮ್ಮ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದರು.

"ಯಾಕ್ ಸಾ ಅಲ್ಲೇ ನಿಂತಿದ್ದೀರಾ? ಕೈ ಇಡ್ಕಳಿ!"

ಹಿಡಿದೆ. ಹಾಲು ಕರೆದು ಗಟ್ಟಿಯಾದ ಕೈ. ಹನ್ನೊಂದು ಜನರ ಎಳೆತಕ್ಕೆ ನಾನು ಚೀಲ ಸಮೇತ ಒಳಗೆ ಬಂದುಬಿದ್ದೆ. ನನ್ನ ಒಂದು ಚಪ್ಪಲಿ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ಯಾರೋ ಮಂಜನೆಂಬುವನು ಎತ್ತಿ ಕೊಟ್ಟ.

"ಯಾರು ಮೊದಲು ಹತ್ತಬೇಕು ಅಂತ ಮುಂಚೆನೇ ಮಾತಾಡ್ಕೊಂಡಿದ್ರಾ?" ಎಂದು ಏದುಸಿರು ಬಿಡುತ್ತ ಕೇಳಿದೆ.

"ಮಾತಾಡ್ಕೊಂಡ್ರೆ ಆಯ್ತದಾ ಸಾ? ಡ್ರೈವರು ಎಲ್ಲಿ ನಿಲ್ಲಿಸ್ತಾನೋ ಯಾರಿಗ್ ಗೊತ್ತು? ಬಾಗ್ಲು ಯಾರ್ ಮುಂದೆ ಬತ್ತದೋ ಅವರೇ ಮುಂದು. ಜನ ಜಾಸ್ತಿ ಇದ್ದಷ್ಟೂ ಒಳ್ಳೇದು, ಒಬ್ರಿಗಲ್ಲ ಒಬ್ರಿಗೆ ಬಾಗ್ಲು ಸಿಕ್ಕೇ ಸಿಗ್ತದೆ. ಒಬ್ರು ಒಳಕ್ಕೋದ್ರೆ ಮುಗೀತು, ಮಿಕ್ಕೋರೆಲ್ಲ ಅವರಿಂದೆ." ಆಮೇಲೆ ಕನಿಕರದಿಂದ ಸೇರಿಸಿದರು, "ಒಬ್ರೇ ಅಂದ್ರೆ ಕಷ್ಟಾನೇ ಸಾ."

ಪಕ್ಕದಲ್ಲಿ ಶಶಿಕಲಾ ಕಂಬಿ ಹಿಡಿದು ನಿಂತಿದ್ದಳು. ಕಿಟಕಿಯ ಆಚೆ ನೋಡುತ್ತಿದ್ದಳು. ಅವಳ ಕೆನ್ನೆಯಲ್ಲಿ ಮಾತ್ರ ಏನೋ ಅಡಗಿಸಿಟ್ಟ ಹಾಗಿತ್ತು.

ರಾಬರ್ಟ್‌ಸನ್‌ಪೇಟೆಯವರೆಗೂ ನಾನು ನಾರಾಯಣಮ್ಮನ ಮಾತನ್ನೇ ಮೆಲುಕುಹಾಕಿದೆ. ಅವರು ಹೇಳಿದ್ದು ಬಸ್ಸಿನ ವಿಷಯ ಮಾತ್ರ, ಉಪಮೆ ಎಂದೂ ಪುರಾವೆಯಾಗದು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಮನೆಗೆ ಬಂದವನೇ ಕಾಫಿಯನ್ನೂ ಕುಡಿಯದೆ ಕಂಪ್ಯೂಟರ್ ಮುಂದೆ ಕೂತು ಮೂರು ಕಡೆ ಓದಿದೆ. ಮೂರೂ ಕಡೆ ಒಂದೇ ಮಾತು. ಗುಂಡಿಯಲ್ಲಿ ಮುದುಡಿ ಕೂತ ಉದ್ದದ ಅಣು ಸಂದಿನ ಬಾಯಿಗೆ ಹೆಚ್ಚು ಅಗಲಕ್ಕೆ ಒತ್ತಿಕೊಂಡಿರುತ್ತದೆ. ಆದ್ದರಿಂದ ಅದರ ಯಾವುದೋ ಒಂದು ಮಡಿಕೆ ಸಂದಿನೊಳಗೆ ತೂರುವ ಅವಕಾಶ ಹೆಚ್ಚು. ಒಂದು ಮಡಿಕೆ ಸಾಕಷ್ಟು ಒಳಹೊಕ್ಕರೆ ವಿದ್ಯುತ್ತಿನ ಸೆಳೆತಕ್ಕೆ ಮಿಕ್ಕದ್ದೆಲ್ಲ ಅದರ ಹಿಂದೆ ಬರುತ್ತದೆ. ಗಿಡ್ಡದ್ದು ಗುಂಡಿಯಲ್ಲೇ ಹೆಚ್ಚು ಹೊತ್ತು ಕಾಯುತ್ತದೆ. ಅಂದರೆ ಉದ್ದದ್ದೇ ಮೊದಲು. ನಾನು ಎರಡು ವರ್ಷ ಗುಳ್ಳೆ ತೆಗೆದ ಕಂಬಗಳ ಕಾಲುವೆಯ ನೆನಪು ಬಂದು ಸಂದುಗಳ ಕಾಲುವೆಯ ಮೇಲೆ ಕೂತುಬಿಟ್ಟಿತ್ತು.

"ನಾನು ತಪ್ಪು ಪಾಠ ಮಾಡಿದ್ದೀನಿ" ಎಂದೆ ವಸಂತಿಗೆ.

"ಹೋದ ತಿಂಗಳು ಮಾರ್ಕೆಟ್ಟಿಗೆ ಸ್ಕೂಟರಲ್ಲಿ ಹೋಗಿ, ನಡ್ಕೊಂಡು ಬಂದು, ಸ್ಕೂಟರ್ ಕಳ್ಳತನ ಆಗಿದೆ ಅಂತ ಬೀದಿಗೆಲ್ಲ ಹೇಳಿದ್ರಲ್ಲ. ಅದಕ್ಕಿಂತ ದೊಡ್ಡದಾ?"

"ಒಂದು ಹುಡುಗಿಯ ಬೇಸಿಗೆ ಹೋಗ್ತಿತ್ತು."

ವಸಂತಿ ಕಾಫಿ ಲೋಟ ಮೇಜಿನ ಮೇಲಿಟ್ಟಳು. "ಹಾಗಾದ್ರೆ ನಾಳೆನೇ ಹೋಗಿ ಸರಿಮಾಡಿ. ಮರೆತು ಶನಿವಾರಕ್ಕೆ ಇಟ್ಕೋಬೇಡಿ."

ಮರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಶಶಿಕಲಾಳ ಸೊನ್ನೆಯನ್ನು ಐದು ಮಾಡಿ ಪಕ್ಕದಲ್ಲಿ ಸಹಿ ಹಾಕಿದೆ. ಮೂವತ್ತೊಂಬತ್ತು. ಪ್ರಾಂಶುಪಾಲರ ಕೋಣೆಗೆ ಹೋಗಿ ಅವಳ ಹೆಸರನ್ನು ಬರೆಸಿ ಬೆಂಗಳೂರಿಗೆ ಕಳಿಸುವುದನ್ನು ಕಣ್ಣಾರೆ ನೋಡಿದೆ. ಆಮೇಲೆ ಕಷ್ಟದ ಕೆಲಸ ಉಳಿದಿತ್ತು. ತಪ್ಪು ಬರೆದ ಇಪ್ಪತ್ತಮೂರು ಜನರ ಐದೈದು ಅಂಕ ಕೀಳಬೇಕೋ ಬೇಡವೋ? ತರಗತಿಯಲ್ಲಿ ಕೇಳಿಯೇಬಿಟ್ಟೆ. "ಅವತ್ತು ನಾನು ಯಾವುದು ಮೊದಲು ಅಂತ ಹೇಳಿದೆ? ನಿಜ ಹೇಳಿ."

"ಗಿಡ್ಡದ್ದು ಸಾರ್!" ಎಂದಿತು ಇಡೀ ತರಗತಿ, ಒಂದೇ ಕಂಠದಲ್ಲಿ. ಹರೀಶ ಎದ್ದು ನಿಂತು, "ಮೇಜು ಕುಟ್ಟಿ ಹೇಳಿದ್ರಿ ಸಾರ್" ಎಂದ. ಶಶಿಕಲಾ ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿದಳು.

ಮೇಜು ಕುಟ್ಟಿದ್ದು ನನ್ನ ನೆನಪಿನಲ್ಲೂ ಇತ್ತು. ಇಪ್ಪತ್ತಮೂರು ಸಾಕ್ಷಿ, ಜೊತೆಗೆ ನಾನು. ಇನ್ನೇನು ಬೇಕು? ಮೇಷ್ಟರು ಹೇಳಿಕೊಟ್ಟದ್ದನ್ನು ಬರೆದವರಿಗೆ ಮೇಷ್ಟರೇ ಅಂಕ ಕೀಳುವುದು ಅನ್ಯಾಯ. ಎಲ್ಲರ ಐದೂ ಹಾಗೇ ಇರಲಿ ಎಂದೆ. ಆಮೇಲೆ ವೇದಿಕೆಯಿಂದ ಇಳಿದು ಬಂದು, ವಿಜ್ಞಾನದಲ್ಲಿ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ದೊಡ್ಡ ಗುಣ ಎಂಬ ಬಗ್ಗೆ ಕಾಲುಗಂಟೆ ಮಾತಾಡಿ, ನಿಮಗೆ ತಪ್ಪು ಪಾಠ ಹೇಳಿಕೊಟ್ಟದ್ದಕ್ಕೆ ಕ್ಷಮಿಸಿ ಎಂದು ಕೈಮುಗಿದೆ. ಒಂದಿಬ್ಬರು ಚಪ್ಪಾಳೆ ತಟ್ಟಿದರು ಎಂದೂ ನೆನಪು, ಆದರೆ ಅದನ್ನು ನೀವು ನಂಬಬೇಕಾಗಿಲ್ಲ. "ಪರವಾಗಿಲ್ಲ ಸಾರ್" ಎಂದ ಹರೀಶ, ಬಲು ಉದಾರವಾಗಿ. "ವಯಸ್ಸಾದ್ಮೇಲೆ ಎಲ್ಲರಿಗೂ ಆಗುತ್ತೆ."

ಶಶಿಕಲಾ ಬೇಸಿಗೆಗೆ ಬೆಂಗಳೂರಿಗೆ ಹೋದಳು. ಮೊದಲ ವಾರವೆಲ್ಲ ಗಾಳಿಗುಳ್ಳೆ ತೆಗೆಯುವುದೇ ಆಯಿತಂತೆ.

ಅವಳು ಹೋದ ಮೇಲೆ ಒಂದು ದಿನ ನನ್ನ ಫೋನು ತುಂಬಿಹೋಗಿ ಕರೆ ಕೂಡ ಸರಿಯಾಗಿ ಬಾರದಂತಾಯಿತು. ಗುಡ್ ಮಾರ್ನಿಂಗ್ ಚಿತ್ರಗಳನ್ನೆಲ್ಲ ಅಳಿಸಿ ಎಂದು ವಸಂತಿ ಕೂರಿಸಿದಳು. ಅಳಿಸುತ್ತ ಅಳಿಸುತ್ತ ತರಗತಿಯ ವಾಟ್ಸಾಪ್ ಗುಂಪಿಗೆ ಬಂದೆ. ಈಗಿನವರು ಬೋರ್ಡಿನ ಮೇಲಿನದನ್ನು ಬರೆದುಕೊಳ್ಳುವುದಿಲ್ಲ, ಫೋಟೊ ತೆಗೆದು ಗುಂಪಿಗೆ ಹಾಕುತ್ತಾರೆ. ಹಾಕಿದ ಮೇಲೆ ಅದನ್ನು ಓದುವ ಅಗತ್ಯ ಮುಗಿಯಿತೆಂದು ನಂಬುತ್ತಾರೆ. ಶಶಿಕಲಾ ಆ ಗುಂಪಿನಲ್ಲಿ ಇರಲಿಲ್ಲ. ಅವರ ಮನೆಯಲ್ಲಿದ್ದದ್ದು ಒಂದು ಬಟನ್ ಫೋನು, ಅದೂ ನಾರಾಯಣಮ್ಮನ ಸೊಂಟದಲ್ಲಿ. ಆದ್ದರಿಂದ ಪಾಪ ಅವಳು ಪಾಠ ಕೇಳಿ ಬರೆದುಕೊಳ್ಳಬೇಕಾಗಿತ್ತು. ಗುಂಪಿನಲ್ಲಿ ಆ ಬುಧವಾರದ ಒಂದು ಫೋಟೊ ಇತ್ತು. ದಿನ ನೋಡಿದೆ, ಹೊತ್ತು ನೋಡಿದೆ, ಬೆರಳಲ್ಲಿ ಹಿಗ್ಗಿಸಿ ಕೈಬರಹ ನೋಡಿದೆ. ಬೋರ್ಡಿನ ಮೇಲೆ ಗುಂಡಿ ಮತ್ತು ಸಂದುಗಳ ಕಾಲುವೆ. ಉದ್ದನೆಯ ದಾರದ ಮೇಲೆ ಒಂದು ಎಂದೂ ಗಿಡ್ಡ ದಾರದ ಮೇಲೆ ಎರಡು ಎಂದೂ ನನ್ನದೇ ಅಕ್ಷರ. ಪಕ್ಕದಲ್ಲಿ ನಾನೇ ನಿಂತಿದ್ದೇನೆ, ಉದ್ದದ್ದರ ಕಡೆಗೆ ಬೆರಳು ತೋರಿಸುತ್ತ, ಇನ್ನೊಂದು ಕೈಯನ್ನು ಮೇಜು ಕುಟ್ಟಲು ಎತ್ತಿಕೊಂಡು. ಫೋಟೊ ಹಾಕಿದವನು ಹರೀಶ. ಅದರ ಕೆಳಗೆ "ಇಂಪಾರ್ಟೆಂಟ್, ಟೆಸ್ಟಿಗೆ ಬರುತ್ತೆ" ಎಂದು ಬರೆದಿದ್ದ. ಅದಕ್ಕೆ ಎಂಟು ಜನ ಹೆಬ್ಬೆರಳು ಎತ್ತಿ ಒಪ್ಪಿಗೆ ಸೂಚಿಸಿದ್ದರು. ಯಾರು ಯಾರೆಂದು ಒಂದೊಂದಾಗಿ ಒತ್ತಿ ನೋಡಿದೆ, ವಸಂತಿಯ ಕೈಯಲ್ಲೂ ಓದಿಸಿ ಖಚಿತಪಡಿಸಿಕೊಂಡೆ: ಎಂಟರಲ್ಲಿ ಒಂದು ಹೆಬ್ಬೆರಳು ನನ್ನದು.